ಕಾಲೇಜಿನ ಚುನಾವಣೆ: ಮಠಗಳ ಹೊಣೆ ಏನು?



ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಮತ್ತೆ ನಡೆಸಬೇಕೆಂಬ ಮಾತು ಆಗಾಗ ಏಳುತ್ತದೆ, ಅಡಗುತ್ತದೆ. ಮಾತು ಎದ್ದಾಗಲೆಲ್ಲ ನಮ್ಮ ಸಮಾಜದಲ್ಲಿ ಎರಡು ದನಿಗಳು ಕೇಳಿಬರುತ್ತವೆ. ಒಂದು ತಂದೆ-ತಾಯಿಗಳದು: "ಮಕ್ಕಳು ಓದಲಿಕ್ಕೆ ಹೋಗಿದ್ದಾರೆ, ಗುದ್ದಾಡಲಿಕ್ಕೆ ಅಲ್ಲ. ಈ ಉಸಾಬರಿಯೇ ಬೇಡ." ಇನ್ನೊಂದು ಮುಖಂಡರದು: "ಚುನಾವಣೆ ಬರುವುದಾದರೆ ಬರಲಿ, ನಮ್ಮ ಹುಡುಗರು ಎಷ್ಟಿದ್ದಾರೆ ಲೆಕ್ಕ ಹಾಕಿರಿ." ಮೊದಲನೆಯದು ಭಯದ ಮಾತು, ಎರಡನೆಯದು ಲೆಕ್ಕಾಚಾರದ ಮಾತು. ಬಸವಾದಿ ಶರಣರ ಹೆಸರು ಹೇಳುವ ನಾವು ಎರಡಕ್ಕೂ ಓಗೊಡಬಾರದು. ವಿದ್ಯಾರ್ಥಿಗಳಿಗೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಹಕ್ಕು ಮರಳಿ ಸಿಗಬೇಕು. ಅದನ್ನು ನಮ್ಮದೇ ಸಂಸ್ಥೆಗಳಲ್ಲಿ ಮೊದಲು ಕೊಡಬೇಕು. ಆದರೆ ಆ ಚುನಾವಣೆಯ ಹತ್ತಿರಕ್ಕೂ ಮಠವಾಗಲಿ, ಜಾತಿಯಾಗಲಿ, ಒಳಪಂಗಡವಾಗಲಿ ಸುಳಿಯಬಾರದು. ಈ ಮೂರು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗಿದೆ. ಒಂದನ್ನು ಬಿಟ್ಟರೂ ಉಳಿದೆರಡು ಕೆಡುತ್ತವೆ.

ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಗೆ ಜಿಮಖಾನಾ ಚುನಾವಣೆ, ಜಿ.ಎಸ್., ಯು.ಆರ್. ಎಂಬ ಮಾತುಗಳು ಇನ್ನೂ ನೆನಪಿರಬೇಕು. ಹಳೆ ಮೈಸೂರು ಕಡೆಯವರಿಗೆ ಯೂನಿಯನ್ ಎಲೆಕ್ಷನ್ ಎಂದರೆ ಅರ್ಥವಾದೀತು. 1980ರ ದಶಕದ ಕೊನೆಯ ಹೊತ್ತಿಗೆ, ಗಲಾಟೆ-ಹೊಡೆದಾಟಗಳ ಕಾರಣ ಹೇಳಿ, ಈ ಚುನಾವಣೆಗಳನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತು. ಇಲ್ಲೊಂದು ವಿಪರ್ಯಾಸವಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರ ಮಾರ್ಚ್‌ನಲ್ಲಿ ದೇಶದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಪದವಿ ತರಗತಿಗೆ ಕಾಲಿಟ್ಟ ಹುಡುಗ-ಹುಡುಗಿಯರು ಶಾಸಕರನ್ನು, ಸಂಸದರನ್ನು ಆರಿಸಬಲ್ಲರು ಎಂದು ದೇಶ ಒಪ್ಪಿಕೊಂಡಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ತಮ್ಮ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವ ಯೋಗ್ಯತೆ ಅವರಿಗಿಲ್ಲ ಎಂದು ನಮ್ಮ ರಾಜ್ಯ ತೀರ್ಮಾನಿಸಿತು. ಮೂರು ದಶಕಗಳು ಮೀರಿದರೂ ಬಹುತೇಕ ಕಾಲೇಜುಗಳಲ್ಲಿ ಆ ತೀರ್ಮಾನವೇ ನಡೆದುಕೊಂಡು ಬಂದಿದೆ. ಪ್ರಾಚಾರ್ಯರು ಒಬ್ಬರನ್ನು ಹೆಸರಿಸುತ್ತಾರೆ. ಅಥವಾ ಹೆಚ್ಚು ಅಂಕ ತೆಗೆದವರು ತರಗತಿ ಪ್ರತಿನಿಧಿಯಾಗುತ್ತಾರೆ. ಅವರು ಸ್ವಾಗತ ಭಾಷಣ ಮಾಡುತ್ತಾರೆ, ವಂದನಾರ್ಪಣೆ ಮಾಡುತ್ತಾರೆ. ಪ್ರಶ್ನೆ ಕೇಳುವುದು ಅವರ ಕೆಲಸದ ಪಟ್ಟಿಯಲ್ಲಿ ಇರುವುದಿಲ್ಲ.

ಇದರಿಂದ ಏನು ನಷ್ಟವಾಯಿತು ಎಂದು ಕೇಳುವವರಿಗೆ ಹತ್ತಿರದ ಉದಾಹರಣೆಯನ್ನೇ ಕೊಡಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ 2021-22ರಲ್ಲಿ ನಮ್ಮ ರಾಜ್ಯದ ಪದವಿ ಶಿಕ್ಷಣಕ್ಕೆ ನಾಲ್ಕು ವರ್ಷದ ಸ್ವರೂಪ ಬಂತು. 2024-25ರಲ್ಲಿ ಅದು ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ, ಯಾವುದು ತಪ್ಪು ಎಂಬ ವಾದ ಇಲ್ಲಿ ಬೇಡ. ಮೂರೇ ವರ್ಷಗಳ ಅಂತರದಲ್ಲಿ ಪಠ್ಯಕ್ರಮ ಎರಡು ಸಲ ಬುಡಮೇಲಾದಾಗ, ಅದನ್ನು ಓದಬೇಕಾದ ಲಕ್ಷಾಂತರ ಮಕ್ಕಳ ಪರವಾಗಿ, ಅವರೇ ಆರಿಸಿ ಕಳಿಸಿದ ಒಬ್ಬ ಪ್ರತಿನಿಧಿಯೂ ಮೇಜಿನ ಎದುರು ಕೂತು ಮಾತನಾಡುವ ವ್ಯವಸ್ಥೆ ಇರಲಿಲ್ಲ. ಫಲಿತಾಂಶ ತಡವಾಗುತ್ತದೆ, ಅಂಕಪಟ್ಟಿ ಕೈಗೆ ಬರುವುದಿಲ್ಲ, ವಿದ್ಯಾರ್ಥಿವೇತನದ ಅರ್ಜಿ ಪೋರ್ಟಲಿನಲ್ಲಿ ಸಿಕ್ಕಿಕೊಂಡಿರುತ್ತದೆ, ಹಳ್ಳಿಯ ಬಸ್ಸು ಮೊದಲ ಪಿರಿಯಡ್ ಮುಗಿದ ಮೇಲೆ ಬರುತ್ತದೆ. ಹೇಳಿಕೊಳ್ಳಲು ಮಕ್ಕಳಿಗೆ ಉಳಿದಿರುವ ದಾರಿಗಳು ಎರಡೇ: ಸುಮ್ಮನೆ ಸಹಿಸುವುದು, ಇಲ್ಲವೇ ಬೀದಿಗೆ ಬಂದು ರಸ್ತೆ ತಡೆಯುವುದು. ನಡುವಿನ ದಾರಿಯನ್ನು, ಅಂದರೆ ಚುನಾಯಿತನಾಗಿ ಹೋಗಿ, ಕಾಗದ-ಪತ್ರ ಹಿಡಿದು, ವಾದಿಸಿ, ಉತ್ತರ ಪಡೆದು, ಕಳಿಸಿದವರಿಗೆ ವರದಿ ಒಪ್ಪಿಸುವ ದಾರಿಯನ್ನು ನಾವೇ ಮುಚ್ಚಿದ್ದೇವೆ.

ಹಾಗೆಂದು ತಂದೆ-ತಾಯಿಗಳ ಭಯ ಬುಡವಿಲ್ಲದ್ದೆಂದು ಹೇಳಲಾಗದು. 2006ರ ಆಗಸ್ಟ್‌ನಲ್ಲಿ ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯ ಗಲಾಟೆಯ ನಡುವೆ ಹಲ್ಲೆಗೊಳಗಾಗಿ ಪ್ರೊ. ಎಚ್.ಎಸ್. ಸಭರ್ವಾಲ್ ಎಂಬ ಅಧ್ಯಾಪಕರು ಪ್ರಾಣ ಕಳೆದುಕೊಂಡರು. ದೇಶವೇ ತಲೆತಗ್ಗಿಸಿದ ಘಟನೆ ಅದು. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ 2024ರ ಸೆಪ್ಟೆಂಬರ್ 27ರಂದು ಮತದಾನ ನಡೆಯಿತು. ಆದರೆ ಅಭ್ಯರ್ಥಿಗಳು ನಗರದ ಗೋಡೆಗಳನ್ನೂ ಸಾರ್ವಜನಿಕ ಆಸ್ತಿಯನ್ನೂ ಪೋಸ್ಟರು, ಬಣ್ಣಗಳಿಂದ ಹಾಳುಗೆಡವಿದ್ದರಿಂದ, ಅವೆಲ್ಲ ಸ್ವಚ್ಛವಾಗುವ ತನಕ ಮತ ಎಣಿಸಕೂಡದೆಂದು ದೆಹಲಿ ಹೈಕೋರ್ಟ್ ತಡೆ ಹಾಕಿತು. ಫಲಿತಾಂಶ ಬಂದದ್ದು ನವೆಂಬರ್ 25ಕ್ಕೆ. ಹಣ, ಕಾರುಗಳ ಸಾಲು, ದೊಡ್ಡ ಪಕ್ಷಗಳ ನೆರಳು ಇವೆಲ್ಲ ಸೇರಿದಾಗ ವಿದ್ಯಾರ್ಥಿ ಚುನಾವಣೆ ಹೇಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ರೋಗವಿದೆಯೆಂದು ದೇಹವನ್ನೇ ಸುಡುವುದಿಲ್ಲ. ಈ ರೋಗಕ್ಕೆ ಮದ್ದು ಬರೆದ ವೈದ್ಯರೂ ಇದ್ದಾರೆ. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಕೇಂದ್ರ ಸರ್ಕಾರ ನೇಮಿಸಿದ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರ ಮೇ ತಿಂಗಳಲ್ಲಿ ತನ್ನ ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಅದರ ಶಿಫಾರಸುಗಳನ್ನು ಜಾರಿಗೆ ತರುವಂತೆ ಹೇಳಿತು. ವಿದ್ಯಾರ್ಥಿಗಳೂ ಪಾಲಕರೂ ಸಂಸ್ಥೆಗಳನ್ನು ನಡೆಸುವವರೂ ಆ ಶಿಫಾರಸುಗಳನ್ನು ಒಮ್ಮೆ ತಿಳಿದುಕೊಳ್ಳಬೇಕು.

ಕಾಲೇಜು, ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಚುನಾವಣೆ ನಡೆಸಲೇಬೇಕು ಎಂಬುದು ಅದರ ಮೊದಲ ಮಾತು. ವಾತಾವರಣ ಕೆಟ್ಟಿರುವ ಕಡೆ ಸದ್ಯಕ್ಕೆ ನಾಮನಿರ್ದೇಶನ ಮಾಡಿಕೊಳ್ಳಬಹುದು. ಆದರೆ ಐದು ವರ್ಷದೊಳಗೆ ಚುನಾವಣೆಯ ಪದ್ಧತಿಗೆ ಬರಬೇಕು. ನಾಮನಿರ್ದೇಶನವನ್ನೂ ಬರೀ ಅಂಕಗಳ ಮೇಲೆ ಮಾಡಬಾರದು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನಗಳಲ್ಲಿ ಮುಗಿಯಬೇಕು. ಸ್ಪರ್ಧಿಸುವವರಿಗೆ ಶೇಕಡ 75ರಷ್ಟು ಹಾಜರಾತಿ ಇರಬೇಕು, ಪಾಸಾಗದೆ ಉಳಿದ ವಿಷಯಗಳು ಇರಬಾರದು, ಅಪರಾಧದ ಹಿನ್ನೆಲೆ ಇರಬಾರದು. ಪದವಿ ವಿದ್ಯಾರ್ಥಿಗಳಾದರೆ ವಯಸ್ಸು 17ರಿಂದ 22, ಸಂಶೋಧನಾ ವಿದ್ಯಾರ್ಥಿಗಳಾದರೆ 28ರ ಮಿತಿ. ಪದಾಧಿಕಾರಿ ಸ್ಥಾನಕ್ಕೆ ನಿಲ್ಲಲು ಒಂದೇ ಅವಕಾಶ. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಫಲಿತಾಂಶ ಬಂದ ಎರಡು ವಾರದಲ್ಲಿ ಲೆಕ್ಕ ಒಪ್ಪಿಸಬೇಕು. ಅಚ್ಚು ಹಾಕಿಸಿದ ಪೋಸ್ಟರು ಬೇಡ, ಕೈಯಿಂದ ಬರೆದದ್ದು ಮಾತ್ರ. ಪ್ರಚಾರಕ್ಕೆ ಧ್ವನಿವರ್ಧಕವಿಲ್ಲ, ವಾಹನವಿಲ್ಲ. ರಾಜಕೀಯ ಪಕ್ಷಗಳ ಹಣ ಮುಟ್ಟುವಂತಿಲ್ಲ.

ಈ ನಿಯಮಗಳಲ್ಲಿ ಎರಡು ನೇರವಾಗಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತವೆ. ಜಾತಿ ಅಥವಾ ಮತಧರ್ಮದ ಭಾವನೆ ಕೆರಳಿಸಿ ಮತ ಕೇಳಬಾರದು. ಕ್ಯಾಂಪಸ್ಸಿನ ಒಳಗಿರಲಿ ಹೊರಗಿರಲಿ, ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸಬಾರದು ಎಂಬುದು ಒಂದು. ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಯಾರೊಬ್ಬರೂ ಯಾವ ರೀತಿಯಲ್ಲೂ ಈ ಚುನಾವಣೆಯಲ್ಲಿ ಕೈಹಾಕಬಾರದು ಎಂಬುದು ಇನ್ನೊಂದು. ಯಾರೊಬ್ಬರೂ ಎಂದರೆ ಶಾಸಕರು, ಸಮಾಜದ ಅಧ್ಯಕ್ಷರು, ಆಡಳಿತ ಮಂಡಳಿಯ ನಿರ್ದೇಶಕರು, ಮಠದ ಭಕ್ತರು, ಪೂಜ್ಯರು, ಈ ಪತ್ರಿಕೆಯ ಸಂಪಾದಕರು ಎಲ್ಲರೂ ಸೇರಿದಂತೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾಡಿನಲ್ಲಿ ಲಿಂಗಾಯತ ಮಠಗಳೂ ಸಮಾಜದ ಸಂಸ್ಥೆಗಳೂ ನಡೆಸುವ ಶಾಲೆ, ಕಾಲೇಜು, ಪ್ರಸಾದ ನಿಲಯಗಳ ಜಾಲ ದೊಡ್ಡದು. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಅನೇಕ ಪೂಜ್ಯರು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು-ಕಡಿ ಕೂಡಿಸಿ, ಪಟ್ಟಣಕ್ಕೆ ಓದಲು ಬಂದ ಬಡವರ ಮಕ್ಕಳಿಗೆ ಊಟ ಹಾಕಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಜಾತಿ-ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಇದು ನಮ್ಮ ಹೆಮ್ಮೆ. ಹಾಗೆಯೇ ಇದು ಚುನಾವಣೆಯ ಕಾಲದಲ್ಲಿ ಕೈಗೆ ಸುಲಭವಾಗಿ ಸಿಗುವ ಮತಗಳ ರಾಶಿಯೂ ಆಗಬಲ್ಲದು.

ಅದು ಹೇಗೆ ಆಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಚುನಾವಣೆಗಳಲ್ಲಿ ನೋಡಿದ್ದೇವೆ. ನಿಂತವನು ನಮ್ಮವನು ಎಂದು ಒಂದು ಮಾತು ಬರುತ್ತದೆ. ವಾರ್ಡನ್‌ಗೆ ಒಂದು ಫೋನು. ರಾತ್ರಿ ಪ್ರಸಾದದ ಪಂಕ್ತಿಯಲ್ಲಿ, "ಮಠದ ಮಾತು ಉಳಿಸಿರಪ್ಪಾ" ಎಂದು ಯಾರೋ ಒಬ್ಬರು ಹೇಳಿಹೋಗುತ್ತಾರೆ. ಎದುರಾಳಿಯೂ ಲಿಂಗಾಯತನೇ ಆದರೆ ಒಳಪಂಗಡದ ಲೆಕ್ಕ ಶುರುವಾಗುತ್ತದೆ. ಒಂದೇ ಕೋಣೆಯಲ್ಲಿ ಎರಡು ವರ್ಷ ಚಾಪೆ ಹಾಸಿಕೊಂಡು ಮಲಗಿದ, ಒಬ್ಬರ ಒಳಪಂಗಡ ಒಬ್ಬರಿಗೆ ಗೊತ್ತಿಲ್ಲದ ಹುಡುಗರು ಚುನಾವಣೆ ಮುಗಿಯುವ ಹೊತ್ತಿಗೆ ಪರಸ್ಪರರ ಜಾತಿ ಪ್ರಮಾಣಪತ್ರದ ಕ್ರಮಸಂಖ್ಯೆಯನ್ನೂ ಬಲ್ಲವರಾಗುತ್ತಾರೆ. ನಮ್ಮ ಪ್ರಸಾದ ನಿಲಯಗಳಲ್ಲಿ ಉಣ್ಣುವವರಲ್ಲಿ ಬೇರೆ ಬೇರೆ ಸಮುದಾಯಗಳ ಮಕ್ಕಳೂ ಇದ್ದಾರೆ. ಅನ್ನ ಹಾಕಿದ ಮನೆಯ ಮಾತು ಮೀರಿದಂತೆ ಆದೀತೇ ಎಂದು ಅಂಜಿ ಅವರು ಮನಸ್ಸಿಲ್ಲದ ಕಡೆ ಮತ ಹಾಕಿದರೆ, ಅಂದಿನಿಂದ ಆ ಅನ್ನಕ್ಕೆ ಬೆಲೆ ಕಟ್ಟಿದಂತೆ. ಬೆಲೆ ಕಟ್ಟಿದ್ದು ಪ್ರಸಾದವಲ್ಲ. ಪ್ರತಿಫಲ ಕೇಳಿದ್ದು ದಾಸೋಹವಲ್ಲ. ಒಂದು ಜಿ.ಎಸ್. ಸ್ಥಾನಕ್ಕಾಗಿ ನೂರು ವರ್ಷಗಳ ದಾಸೋಹದ ಪುಣ್ಯವನ್ನು ತೂಗಿ ಮಾರುವುದು ಯಾವ ಲಾಭದ ವ್ಯಾಪಾರ?

"ಬೇರೆಯವರು ಮಾಡುತ್ತಾರೆ, ನಾವು ಮಾಡದಿದ್ದರೆ ಸೋಲುತ್ತೇವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೋಲಲಿ. ಜಾತಿಯ ಹೆಸರಲ್ಲಿ ಗೆದ್ದ ಹುಡುಗ ತನ್ನ ಜಾತಿಯವರಿಗೆ ಮಾತ್ರ ಪ್ರತಿನಿಧಿಯಾಗುತ್ತಾನೆ, ಮುಂದೆ ಅದೇ ಅವನ ಕಸುಬಾಗುತ್ತದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜಾತಿಯ ಲೆಕ್ಕ ಕಲಿತವನಿಗೆ ನಲವತ್ತರಲ್ಲಿ ಬಸವಣ್ಣನವರ ಜಯಂತಿಯ ಭಾಷಣ ಮಾಡಲು ಬರುತ್ತದೆ, ಬಸವಣ್ಣನವರ ದಾರಿಯಲ್ಲಿ ನಡೆಯಲು ಬರುವುದಿಲ್ಲ. ಜಾತಿ ಕೇಳದೆ ನಿಂತು ಸೋತ ಹುಡುಗಿಯೊಬ್ಬಳು ಮುಂದೆ ಊರಿನ ಪಂಚಾಯಿತಿಗೋ ಸಹಕಾರ ಸಂಘಕ್ಕೋ ನಿಂತಾಗ, ಅವಳ ಹಿಂದೆ ಎಲ್ಲ ಓಣಿಗಳ ಗೆಳೆಯರು ಇರುತ್ತಾರೆ. ಸಮಾಜಕ್ಕೆ ಬೇಕಾಗಿರುವ ನಾಯಕತ್ವ ಯಾವುದೆಂದು ನಾವೇ ಯೋಚಿಸೋಣ.

ನಾವು ವೇದಿಕೆ ಸಿಕ್ಕಾಗಲೆಲ್ಲ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಹೇಳಿಕೊಳ್ಳುತ್ತೇವೆ. ಹೇಳಿಕೆಯ ಭಾರ ನಮ್ಮ ಮೇಲೆ ಬೀಳುವುದೇ ಆಮೇಲೆ. ಶೂನ್ಯಸಂಪಾದನೆಗಳು ನಮ್ಮ ಮುಂದಿಡುವ ಚಿತ್ರವನ್ನು ನೆನೆಯಿರಿ. ಅಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗೆ ಉತ್ತರಿಸದೆ ಒಳಗೆ ಬಂದವರು ವಿರಳ. ಅಕ್ಕಮಹಾದೇವಿ ತುಂಬಿದ ಸಭೆಯಲ್ಲಿ ಕಠಿಣವಾದ ಪ್ರಶ್ನೆಗಳನ್ನು ಎದುರಿಸಿ ಉತ್ತರ ಕೊಟ್ಟರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿ ಹೆಸರಾದ ಸಿದ್ಧರಾಮರನ್ನೂ ಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ ಇವರಿಗೆಲ್ಲ ಅಲ್ಲಿ ಸ್ಥಾನ ಸಿಕ್ಕಿದ್ದು ಹುಟ್ಟಿನಿಂದ ಅಲ್ಲ, ಯಾರದೋ ಶಿಫಾರಸಿನಿಂದಲೂ ಅಲ್ಲ. ತಮ್ಮ ಕಾಯಕ ಮತ್ತು ತಮ್ಮ ಅನುಭಾವದ ಬಲದಿಂದ ಅವರು ಅಲ್ಲಿ ಮಾತನಾಡಿದರು. ಅಂಥ ಮಂಟಪದ ವಾರಸುದಾರರು ನಡೆಸುವ ಪ್ರಸಾದ ನಿಲಯದಲ್ಲಿ, ಸಾರು ನೀರಾಗಿದೆ ಎಂದು ಹೇಳಲು ಹುಡುಗನೊಬ್ಬ ಅಂಜಬೇಕಾದರೆ, ಸಂಸತ್ತಿನ ಮಾತು ಯಾರ ಮುಂದೆ ಆಡುವುದು?

ಇಂದಿನ ವಿದ್ಯಾರ್ಥಿ ಚುನಾವಣೆಗಳಲ್ಲಿ ಆ ಮಂಟಪದ ಪದ್ಧತಿಗೆ ಹತ್ತಿರವಾದದ್ದು ಹುಡುಕಿದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಅಲ್ಲಿನ ರಾಜಕೀಯ ಯಾರಿಗೆ ಹಿಡಿಸುತ್ತದೆ, ಯಾರಿಗೆ ಹಿಡಿಸುವುದಿಲ್ಲ ಎಂಬುದು ಬೇರೆ ಮಾತು. ಅಲ್ಲಿ ವಿದ್ಯಾರ್ಥಿಗಳದೇ ಚುನಾವಣಾ ಆಯೋಗವಿದೆ. ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳೆಲ್ಲ ಮತದಾನಕ್ಕೆ ಮುನ್ನ ಒಂದೇ ವೇದಿಕೆಯ ಮೇಲೆ ನಿಂತು, ಇಡೀ ಕ್ಯಾಂಪಸ್ಸಿನ ಎದುರು ಭಾಷಣ ಮಾಡುತ್ತಾರೆ; ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ; ಕೂತ ವಿದ್ಯಾರ್ಥಿಗಳ ಪ್ರಶ್ನೆಗಳಿಗೂ ಉತ್ತರಿಸುತ್ತಾರೆ. ಹಣವಿದ್ದವನಿಗೂ ಇಲ್ಲದವನಿಗೂ ಅಲ್ಲಿ ಒಂದೇ ಮೈಕು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸ್ಟೂಡೆಂಟ್ ಬಾರ್ ಅಸೋಸಿಯೇಷನ್ನಿನ ಪದಾಧಿಕಾರಿಗಳನ್ನು ವಿದ್ಯಾರ್ಥಿಗಳೇ ಆರಿಸುತ್ತಾರೆ. ಆದ್ದರಿಂದ ಇದು ಆಗದ ಕೆಲಸವೆಂದು ಹೇಳುವಂತಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ ನಮಗೆ ದೂರ ಹೋಗುವ ಅಗತ್ಯವೂ ಇಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ಹೆಚ್ಚಿನದನ್ನು ಆಯ್ದಲ್ಲೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದ ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಭಂಡಾರದ ಹಣ ದುರುಪಯೋಗವಾಗಿದೆ ಎಂಬ ದೂರು ಬಿಜ್ಜಳನ ತನಕ ಹೋದಾಗ ಬಸವಣ್ಣನವರು ಲೆಕ್ಕ ತೋರಿಸಲು ಹಿಂಜರಿಯಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು ಎಂದು ಶರಣರ ಚರಿತೆಗಳು ಹೇಳುತ್ತವೆ. 5,000 ರೂಪಾಯಿಯ ಮಿತಿ ಮತ್ತು ಎರಡು ವಾರದಲ್ಲಿ ಲೆಕ್ಕ ಎಂಬ ನಿಯಮವನ್ನು ಲಿಂಗ್ಡೊ ಸಮಿತಿ ಬರೆಯುವುದಕ್ಕೆ ಎಂಟು ಶತಮಾನಗಳ ಹಿಂದೆಯೇ ಅದರ ನೀತಿಯನ್ನು ನಮ್ಮ ಹಿರಿಯರು ಬದುಕಿ ತೋರಿಸಿದ್ದಾರೆ. ನಮ್ಮ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅದು ಹೊಸ ಪಾಠ ಆಗಬಾರದು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪರಿಷತ್ತಿಗೆ ಒಬ್ಬ ವಿದ್ಯಾರ್ಥಿನಿ ಮೊದಲ ಬಾರಿ ಅಧ್ಯಕ್ಷೆಯಾದದ್ದು 2018ರಲ್ಲಿ. ಅವರ ಹೆಸರು ಕನುಪ್ರಿಯಾ. ಹಾಸ್ಟೆಲಿನ ಬಾಗಿಲು ಹುಡುಗರಿಗೊಂದು ಹೊತ್ತು, ಹುಡುಗಿಯರಿಗೊಂದು ಹೊತ್ತು ಏಕೆ ಎಂಬ ಪ್ರಶ್ನೆ ಅವರ ಕಾಲದಲ್ಲಿ ಅಲ್ಲಿ ದೊಡ್ಡ ಚಳವಳಿಯಾಯಿತು. ನಮ್ಮಲ್ಲಿ ತರಗತಿಗಳಲ್ಲಿ ಹೆಣ್ಣುಮಕ್ಕಳು ಮುಂದಿದ್ದಾರೆ, ಫಲಿತಾಂಶದ ಪಟ್ಟಿಯಲ್ಲಿ ಮುಂದಿದ್ದಾರೆ. ಪ್ರತಿನಿಧಿ ಯಾರು ಎಂದಾಗ ಮಾತ್ರ ಒಬ್ಬ ಹುಡುಗನ ಹೆಸರು ಬರುತ್ತದೆ, ಹುಡುಗಿಗೆ 'ಜೊತೆ ಕಾರ್ಯದರ್ಶಿ' ಎಂಬ ಸಮಾಧಾನದ ಸ್ಥಾನ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಶರಣೆಯರು ತಮ್ಮ ಅನುಭಾವವನ್ನು ತಾವೇ ನುಡಿದರು, ಬೇರೆಯವರ ಬಾಯಿಂದ ಹೇಳಿಸಲಿಲ್ಲ. ಅವರ ಹೆಸರಿನ ಮಹಿಳಾ ಕಾಲೇಜುಗಳನ್ನು ನಡೆಸುವವರು ಇದನ್ನು ನೆನಪಿಡಬೇಕು.

ಹಾಗಾದರೆ ಮಠಗಳೂ ಸಂಸ್ಥೆಗಳೂ ಏನು ಮಾಡಬೇಕು? ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ವಿಶ್ವವಿದ್ಯಾಲಯದ ಸಂಘ ನಮ್ಮ ಕೈಯಲ್ಲಿಲ್ಲ, ಆದರೆ ಪ್ರಸಾದ ನಿಲಯ ನಮ್ಮ ಕೈಯಲ್ಲಿದೆ. ಅಲ್ಲಿಂದಲೇ ಶುರು ಮಾಡಬಹುದು. ಪ್ರತಿ ನಿಲಯದಲ್ಲೂ ವಿದ್ಯಾರ್ಥಿಗಳು ಗುಪ್ತ ಮತದಾನದಿಂದ ಆರಿಸಿದ ಒಂದು ಸಮಿತಿ ಇರಲಿ. ಅಡುಗೆಮನೆಯ ದಿನಸಿ ಲೆಕ್ಕವನ್ನು ತಿಂಗಳಿಗೊಮ್ಮೆ ಆ ಸಮಿತಿ ನೋಡಲಿ, ನೋಡಿದ್ದನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ. ವಾಚನಾಲಯ ಎಷ್ಟು ಹೊತ್ತಿಗೆ ತೆರೆಯಬೇಕು, ಪರೀಕ್ಷೆಯ ದಿನಗಳಲ್ಲಿ ಪ್ರಸಾದದ ಸಮಯ ಹೇಗಿರಬೇಕು, ಸ್ನಾನಗೃಹದ ನಲ್ಲಿ ಯಾವಾಗ ರಿಪೇರಿಯಾಗುತ್ತದೆ ಎಂಬುದನ್ನೆಲ್ಲ ಅವರೇ ಕೇಳಲಿ, ವಾರ್ಡನ್ ಉತ್ತರಿಸಲಿ. ಮತದಾನದ ಹಿಂದಿನ ರಾತ್ರಿ, ಸಾಮೂಹಿಕ ಪ್ರಾರ್ಥನೆ ಮುಗಿದ ಮೇಲೆ, ನಿಂತವರೆಲ್ಲರೂ ಸಭೆಯ ಮುಂದೆ ಬರಲಿ. ಯಾರು ಏನು ಬೇಕಾದರೂ ಕೇಳಲಿ. ಜಾತಿಯೊಂದನ್ನು ಬಿಟ್ಟು. ಪೋಸ್ಟರು ಕೈಬರಹದ್ದೇ ಇರಲಿ. ಹೆಣ್ಣುಮಕ್ಕಳ ನಿಲಯದಲ್ಲೂ ಇದೆಲ್ಲ ಹಾಗೆಯೇ ನಡೆಯಲಿ. ಪೂಜ್ಯರು ಆ ಸಭೆಗೆ ದಯಮಾಡಿಸುವುದಾದರೆ ಕೇಳುಗರಾಗಿ ಕೂತುಕೊಳ್ಳಲಿ, ಆಶೀರ್ವಾದವನ್ನು ಎಲ್ಲರಿಗೂ ಸಮನಾಗಿ ಕೊಡಲಿ.

ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ತರಗತಿ ಪ್ರತಿನಿಧಿಯನ್ನು ಅಂಕಗಳ ಮೇಲೆ ನೇಮಿಸುವುದನ್ನು ನಿಲ್ಲಿಸಿ, ಮಕ್ಕಳೇ ಮತ ಹಾಕಿ ಆರಿಸಲು ಬಿಡಿ. ಆರಿಸಿಬಂದವರನ್ನು ವರ್ಷಕ್ಕೆ ನಾಲ್ಕು ಸಲವಾದರೂ ಕರೆದು ಕೂರಿಸಿ, ಶುಲ್ಕ, ಗ್ರಂಥಾಲಯ, ಪ್ರಯೋಗಾಲಯ, ಖಾಲಿ ಇರುವ ಅಧ್ಯಾಪಕ ಹುದ್ದೆಗಳ ವಿಚಾರ ಮಾತನಾಡಿ. ಅವರ ಪ್ರಶ್ನೆ ಒರಟಾಗಿದ್ದೀತು. ಒರಟು ಪ್ರಶ್ನೆಗೆ ಆಂತರಿಕ ಅಂಕ ಕತ್ತರಿಸುವುದು ಉತ್ತರವಲ್ಲ. ಚುನಾವಣೆಯಲ್ಲಿ ಜಾತಿ, ಹಣ, ಹೊರಗಿನವರ ಕೈವಾಡ ಕಂಡರೆ ನಿಯಮದಂತೆ ಕ್ರಮ ತೆಗೆದುಕೊಳ್ಳಿ. ಆ ಹುಡುಗ ಆಡಳಿತ ಮಂಡಳಿಯ ಸದಸ್ಯರ ಮಗನಾಗಿದ್ದರೂ ಸರಿ.

ಇನ್ನು ನಿಲ್ಲಬೇಕೆಂದಿರುವ ತಮ್ಮ-ತಂಗಿಯರಿಗೆ ಎರಡು ಮಾತು. ಚುನಾವಣೆಗೆ ನಿಲ್ಲುವುದು ತಪ್ಪಲ್ಲ, ಮಹತ್ವಾಕಾಂಕ್ಷೆಯೂ ಪಾಪವಲ್ಲ. ಆದರೆ ಏಕೆ ನಿಲ್ಲುತ್ತೀರಿ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆಯಿರಿ. ಮಾಡಲಾಗುವ ಮೂರು ಕೆಲಸಗಳನ್ನು ಮಾತ್ರ ಬರೆಯಿರಿ. ಮಾಡಲಾಗದ ಮೂವತ್ತನ್ನು ಬರೆಯಬೇಡಿ. ಬಸ್ಸಿನ ಸಮಯ ಬದಲಿಸಲು ಡಿಪೋ ಮ್ಯಾನೇಜರರಿಗೆ ಅರ್ಜಿ ಹೇಗೆ ಕೊಡಬೇಕು, ವಿದ್ಯಾರ್ಥಿವೇತನ ಯಾವ ಮೇಜಿನಲ್ಲಿ ನಿಂತಿದೆ, ಮರುಮೌಲ್ಯಮಾಪನದ ನಿಯಮ ಏನು ಎಂಬುದನ್ನು ನಿಲ್ಲುವ ಮೊದಲೇ ತಿಳಿದುಕೊಳ್ಳಿ. ನಿಮ್ಮ ಜಾತಿಯವರಲ್ಲದವರ ಕೋಣೆಗಳಿಗೆ ಮೊದಲು ಹೋಗಿ. ಹಾಜರಾತಿ ಕಳೆದುಕೊಳ್ಳಬೇಡಿ, ಓದು ಬಿಟ್ಟ ವಿದ್ಯಾರ್ಥಿ ನಾಯಕ ಯಾರ ನಾಯಕನೂ ಅಲ್ಲ, ಓದು ನಿಮ್ಮ ಮೊದಲ ಕಾಯಕ. ಬಿರಿಯಾನಿ, ಟಿ-ಶರ್ಟು, ಪ್ರವಾಸ ಕೊಡಿಸುವ ದೊಡ್ಡವರು ಹತ್ತಿರ ಬಂದಾರು. ಅವರು ಕೊಟ್ಟದ್ದನ್ನು ಮುಂದೆ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಗೆದ್ದರೆ ನಿಮಗೆ ಮತ ಹಾಕದವರ ಕೆಲಸವನ್ನು ಮೊದಲು ಮಾಡಿ. ಸೋತರೆ ಗೆದ್ದವರನ್ನು ಅಭಿನಂದಿಸಿ ಮರುದಿನ ಅದೇ ಬೆಂಚಿನಲ್ಲಿ ಪಕ್ಕದಲ್ಲಿ ಕೂತುಕೊಳ್ಳಿ, ವರ್ಷವಿಡೀ ಅವರನ್ನು ಪ್ರಶ್ನಿಸುತ್ತಿರಿ. ಸೋತವರ ಕಾಯಕ ಅದು, ಗೆದ್ದವರದಕ್ಕಿಂತ ಚಿಕ್ಕದೇನಲ್ಲ.

ಪಾಲಕರಲ್ಲೂ ಬೇಡಿಕೊಳ್ಳುವುದಿದೆ. ಮಕ್ಕಳು ನಿಲ್ಲುತ್ತೇನೆಂದರೆ ಗದರಿ ಕೂರಿಸಬೇಡಿ. ಹಾಗೆಯೇ ಗೆಲ್ಲಿಸಲಿಕ್ಕೆ ಹಣ ಕಳಿಸಬೇಡಿ, ಊರ ಗೌಡರಿಂದ ಫೋನು ಮಾಡಿಸಬೇಡಿ. ಅವರು ತಮ್ಮ ಮಾತಿನ ಬಲದಿಂದ ನಿಲ್ಲಲಿ, ತಮ್ಮ ಮಾತಿನ ಬಲದಿಂದಲೇ ಗೆಲ್ಲಲಿ ಅಥವಾ ಸೋಲಲಿ.

ಮಠ ಮತ ಕೇಳದಿರಲಿ, ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಲಿ. ಹಾಗೆ ಕಲಿತ ಮಕ್ಕಳು ಒಂದು ದಿನ ನಮ್ಮನ್ನೂ ಪ್ರಶ್ನಿಸುತ್ತಾರೆ: ಸಂಸ್ಥೆಯ ಲೆಕ್ಕವನ್ನು, ನೇಮಕಾತಿಯನ್ನು, ಡೊನೇಷನ್ನನ್ನು, ಕೊನೆಗೆ ಒಳಪಂಗಡದ ಸಮಾವೇಶಗಳಲ್ಲಿ ನಾವು ಆಡುವ ಮಾತನ್ನು. ಅದಕ್ಕೆ ನಾವು ಸಿದ್ಧರಿರಬೇಕು. ಈ ಶೈಕ್ಷಣಿಕ ವರ್ಷದಲ್ಲಿ ಯಾವ ಯಾವ ಪ್ರಸಾದ ನಿಲಯಗಳು ತಮ್ಮ ಮಕ್ಕಳ ಕೈಗೆ ಮತಪತ್ರ ಕೊಡುತ್ತವೆಯೋ ಅವು ನಮಗೆ ಬರೆದು ತಿಳಿಸಲಿ. ಹೇಗೆ ನಡೆಯಿತು, ಎಲ್ಲಿ ಎಡವಿತು ಎಂಬುದನ್ನೂ ಬರೆಯಲಿ. ಉಳಿದವರಿಗೆ ದಾರಿಯಾಗಲೆಂದು ಪ್ರಕಟಿಸುತ್ತೇವೆ.



— ಸಂಪಾದಕ